ಸರ್ಕಾರಿ ಜಾಲತಾಣಗಳ ಹೊಸ ವ್ಯವಸ್ಥೆ ಮತ್ತು ಗಡಿಭಾಗದ ಕನ್ನಡ: ಸದಸ್ಯರ ಮಾಹಿತಿಗಾಗಿ



ಸಾಂಗಲಿ, ಮಿರಜ, ಜತ್ತ, ಕಾಗವಾಡ, ಉಗಾರ, ಅಥಣಿ ಕಡೆಯ ಸದಸ್ಯರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಬೆಳಗಾವಿ ಜಿಲ್ಲೆಯ ಸರ್ಕಾರಿ ಜಾಲತಾಣ ಕನ್ನಡದಲ್ಲಿ ತೆರೆಯುತ್ತದೆ. ಪಕ್ಕದ ಸಾಂಗಲಿ ಜಿಲ್ಲೆಯದು ಮರಾಠಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಏಕೆ? ಕನ್ನಡ ಹಾಕಲು ಯಂತ್ರಕ್ಕೆ ಬರುವುದಿಲ್ಲವೇ? ಯಂತ್ರಕ್ಕೆ ಬರುತ್ತದೆ ಎಂಬುದೇ ಉತ್ತರ. ಈ ಜಾಲತಾಣಗಳ ಹಿಂದಿನ ವ್ಯವಸ್ಥೆ ಈಗ ಬದಲಾಗುತ್ತಿರುವುದರಿಂದ, ವಿಷಯವನ್ನು ಒಂದೆಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಟಿಪ್ಪಣಿ.

1. ವ್ಯವಸ್ಥೆ ಎಂದರೇನು?

ದೊಡ್ಡ ಜಾಲತಾಣದ ಪ್ರತಿಯೊಂದು ಪುಟವನ್ನೂ ಯಾರೂ ಕೈಯಿಂದ ಕಟ್ಟುವುದಿಲ್ಲ. ಬರಹ, ಚಿತ್ರ, ಸುತ್ತೋಲೆ, ಟೆಂಡರು ಎಲ್ಲವನ್ನೂ ಒಂದು ಉಗ್ರಾಣದಲ್ಲಿಟ್ಟು, ಬೇಕಾದ ಕಡೆ ಬೇಕಾದ ರೂಪದಲ್ಲಿ ತೋರಿಸುವ ತಂತ್ರಾಂಶವಿರುತ್ತದೆ. ಇದಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್ ಎನ್ನುತ್ತಾರೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಗುಮಾಸ್ತ ಕರಡು ಬರೆಯುತ್ತಾನೆ, ಮೇಲಿನವರು ತಿದ್ದುತ್ತಾರೆ, ಸಾಹೇಬರು ಸಹಿ ಮಾಡುತ್ತಾರೆ, ಜಾವಕ ನಂಬರು ಬಿದ್ದ ಮೇಲೆ ಕಾಗದ ಹೊರಗೆ ಹೋಗುತ್ತದೆ. ಸಿಎಂಎಸ್‌ನಲ್ಲೂ ಬರೆಯುವವರು, ಪರಿಶೀಲಿಸುವವರು, ಪ್ರಕಟಿಸುವವರು ಬೇರೆ ಬೇರೆ. ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆಯೂ ಉಳಿಯುತ್ತದೆ.

ನಮ್ಮ ದೇಶದ ಜಿಲ್ಲಾ ಜಾಲತಾಣಗಳಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ‘ಎಸ್3ವಾಸ್’ ಎಂಬ ಸಾಮಾನ್ಯ ಚೌಕಟ್ಟು ಕೊಟ್ಟಿದೆ. ಸುರಕ್ಷಿತ, ಬೆಳೆಸಬಹುದಾದ, ಸುಗಮ್ಯ ಜಾಲತಾಣ ಸೇವೆ ಎಂಬುದು ಆ ಹೆಸರಿನ ಅರ್ಥ. ಬೆಳಗಾವಿ, ಸಾಂಗಲಿ ಎರಡೂ ಇದೇ ಚೌಕಟ್ಟಿನಲ್ಲಿವೆ. ಒಂದೇ ಅಚ್ಚಿನಲ್ಲಿ ಅಲ್ಲಿ ಕನ್ನಡ ಕೂತಿದೆ, ಇಲ್ಲಿ ಮರಾಠಿ ಕೂತಿದೆ. ಆದ್ದರಿಂದ ಕೊರತೆ ಅಚ್ಚಿನಲ್ಲಿಲ್ಲ. ಮೂರನೆಯ ಭಾಷೆ ಸೇರಿಸಬೇಕೆಂಬ ಆದೇಶದಲ್ಲಿ ಮತ್ತು ಬರೆದುಕೊಡುವ ಕೈಯಲ್ಲಿ ಇದೆ.

2. ಆಗುತ್ತಿರುವ ಸುಧಾರಣೆಗಳು

ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಮೊದಲು ಬಂದದ್ದು 2009ರಲ್ಲಿ. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು ಸಹ ಬಳಸುವಂತೆ ಜಾಲತಾಣ ಇರಬೇಕೆಂಬ ಅಂತಾರಾಷ್ಟ್ರೀಯ ಮಾನದಂಡಕ್ಕೆ ಇದು ಹೊಂದಿಕೊಂಡಿದೆ.

2025ರ ಫೆಬ್ರವರಿ 18ರಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ‘ಡಿಜಿಟಲ್ ಬ್ರ್ಯಾಂಡ್ ಐಡೆಂಟಿಟಿ ಮ್ಯಾನುಯಲ್’ ಬಿಡುಗಡೆ ಮಾಡಿತು. ಸರ್ಕಾರದ ಜಾಲತಾಣಗಳೆಲ್ಲ ಬಣ್ಣ, ಅಕ್ಷರ, ಜೋಡಣೆಯಲ್ಲಿ ಒಂದೇ ಮನೆಯವು ಎಂದು ಕಾಣಬೇಕೆಂಬುದು ಇದರ ಉದ್ದೇಶ. ಜೊತೆಗೆ ಒಂದು ಸಾಮಾನ್ಯ ಸಿಎಂಎಸ್ ವೇದಿಕೆ ಮತ್ತು ಕೇಂದ್ರೀಯ ಪ್ರಕಟಣಾ ವ್ಯವಸ್ಥೆಯೂ ಇವೆ. ಮುಖ್ಯವಾದ ಪ್ರಕಟಣೆಯನ್ನು ಒಂದು ಕಡೆ ಹಾಕಿದರೆ ಹಲವು ಜಾಲತಾಣಗಳಲ್ಲಿ ಒಮ್ಮೆಗೇ ಕಾಣುವಂತೆ ಮಾಡುವುದು ಈ ಎರಡನೆಯದರ ಕೆಲಸ.

ಇನ್ನೊಂದು ‘ಭಾಷಿಣಿ’. 2022ರ ಜುಲೈನಲ್ಲಿ ಆರಂಭವಾದ ಈ ಯೋಜನೆ ಭಾರತೀಯ ಭಾಷೆಗಳ ನಡುವೆ ಯಂತ್ರಾನುವಾದ ಒದಗಿಸುತ್ತದೆ, ಕನ್ನಡವೂ ಅದರಲ್ಲಿದೆ. ಇಂಥ ಅನುವಾದವನ್ನು ಜಾಲತಾಣಕ್ಕೆ ಜೋಡಿಸಿದರೆ ಮೂಲ ಮರಾಠಿಯ ಪುಟವನ್ನು ಕನ್ನಡದಲ್ಲಿ ಓದಬಹುದು.

3. ಯಂತ್ರಾನುವಾದ ಸಾಕೇ?

ಮಾಹಿತಿ ತಿಳಿಯಲು ಸಹಾಯವಾದೀತು, ಆದರೆ ಪ್ರಾಣಕ್ಕೆ ಸಂಬಂಧಿಸಿದ ಕಡೆ ಸಾಲದು. ಕೃಷ್ಣಾ ಹೊಳೆಯ ವಿಷಯವನ್ನೇ ನೋಡಿ. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತ್ತು. 2021ರ ಜುಲೈನಲ್ಲಿ ಮತ್ತೆ ಮಹಾಪೂರ ಬಂತು. ಕೊಯ್ನಾದಿಂದ ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಯನ್ನು ಸೇರಿ, ಸಾಂಗಲಿ ದಾಟಿ, ಉಗಾರ, ಕುಡಚಿ ಕಡೆಗೆ ಇಳಿಯುತ್ತದೆ. ಮೇಲಿನ ಅಣೆಕಟ್ಟಿನ ಪ್ರಕಟಣೆ ಮರಾಠಿಯಲ್ಲಿ, ಕೆಳಗಿನ ಆಲಮಟ್ಟಿಯದು ಕನ್ನಡದಲ್ಲಿ. ನಡುವಿನ ಊರುಗಳವರಿಗೆ ಎರಡೂ ಬೇಕು.

ಮರಾಠಿಯ ಪ್ರಕಟಣೆಯಲ್ಲಿ ‘ವಿಸರ್ಗ’ ಎಂದರೆ ಅಣೆಕಟ್ಟಿನಿಂದ ಬಿಡುವ ನೀರು. ಕನ್ನಡ ಶಾಲೆಯಲ್ಲಿ ಓದಿದವರಿಗೆ ವಿಸರ್ಗ ಎಂದರೆ ಅಕ್ಷರದ ಮುಂದಿನ ಎರಡು ಸೊನ್ನೆ. ಅಲ್ಲಿ ‘ಇಶಾರಾ’ ಎಂದರೆ ಎಚ್ಚರಿಕೆ, ನಮ್ಮಲ್ಲಿ ಇಶಾರೆ ಎಂದರೆ ಸನ್ನೆ. ಲಿಪಿ ಬದಲಾಗಿ ಪದ ಹಾಗೆಯೇ ಉಳಿದರೆ ಓದುಗನಿಗೆ ತಿಳಿಯಿತು ಎನಿಸುತ್ತದೆ, ತಿಳಿದಿರುವುದಿಲ್ಲ. ಆದ್ದರಿಂದ ಪೂರ, ರೋಗ, ಪಡಿತರ, ಜಮೀನು ಇವುಗಳ ಪ್ರಕಟಣೆಗೆ ಎರಡೂ ಭಾಷೆ ಬಲ್ಲ ಮನುಷ್ಯ ಒಮ್ಮೆ ಓದಿ ಒಪ್ಪಬೇಕು. ಸಿಎಂಎಸ್‌ನಲ್ಲಿ ‘ಪರಿಶೀಲನೆ’ ಎಂಬ ಮೆಟ್ಟಿಲು ಇರುವುದೇ ಇದಕ್ಕೆ.

4. ಕನ್ನಡಕ್ಕೆಂದೇ ನೋಡಬೇಕಾದ ಅಂಶಗಳು

ಯುನಿಕೋಡ್: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಹಾಕಿದರೆ, ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಹುಡುಕಾಟ: ‘ಸಾಫ್ಟ್‌ವೇರ್’ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಒಬ್ಬರು ಅದನ್ನು ಹಾಕಿ ಬರೆದು, ಇನ್ನೊಬ್ಬರು ಹಾಕದೆ ಹುಡುಕಿದರೆ ಸಿಗದಿರಬಹುದು. ಹಾಗೆಯೇ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ವ್ಯವಸ್ಥೆ ಇವನ್ನು ಒಂದೇ ಎಂದು ಎಣಿಸುವಂತಿರಬೇಕು.

ವಿಳಾಸ: ಪುಟದ ವಿಳಾಸದಲ್ಲಿ ಕನ್ನಡ ಬರೆದರೆ ಪ್ರತಿ ಸಂಕೇತವೂ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಸಾಂಗಲಿ’ ಎಂಬ ಒಂದೇ ಪದ 54 ಚಿಹ್ನೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಉದ್ದನೆಯ ಕೊಂಡಿ ನಡುವೆ ತುಂಡಾದರೆ ತೆರೆಯುವುದಿಲ್ಲ. ಚಿಕ್ಕ ವಿಳಾಸದ ಸೌಲಭ್ಯ ಕೇಳಬೇಕು.

ಸ್ಕ್ಯಾನು ಮಾಡಿದ ಕಾಗದ: ಸುತ್ತೋಲೆಯ ಚಿತ್ರ ಮಾತ್ರ ಹಾಕಿದರೆ ಅದನ್ನು ಹುಡುಕಲು, ಅನುವಾದಿಸಲು, ದೃಷ್ಟಿಹೀನರಿಗೆ ಓದಿ ಹೇಳಲು ಯಂತ್ರಕ್ಕೆ ಕಷ್ಟ. ಜೊತೆಗೆ ಟೈಪು ಮಾಡಿದ ಪ್ರತಿಯೂ ಇರಬೇಕು.

5. ನಮ್ಮ ಆಧಾರವೇನು?

ಮಹಾರಾಷ್ಟ್ರದ ರಾಜಭಾಷೆ ಮರಾಠಿ. ಅದರ ಬಗ್ಗೆ ನಮಗೆ ತಕರಾರಿಲ್ಲ, ಗೌರವವಿದೆ. ಅದರ ಜೊತೆಗೇ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿತವಾದ ರಕ್ಷಣೆಗಳೂ ಇವೆ. ಜಿಲ್ಲೆಯಲ್ಲಿ ಅಥವಾ ಅದರ ಕೆಳಗಿನ ತಾಲೂಕಿನಂಥ ಘಟಕದಲ್ಲಿ ಶೇ 15ರಷ್ಟು ಜನ ಆಡುವ ಭಾಷೆಗೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಅನುವಾದಿಸಿ ಪ್ರಕಟಿಸಬೇಕೆಂಬುದು ಅವುಗಳಲ್ಲೊಂದು. ಜಿಲ್ಲೆಯ ಲೆಕ್ಕದಲ್ಲಿ ನಾವು ಕಡಿಮೆ ಕಂಡರೂ, ಕನ್ನಡ ಶಾಲೆಗಳಿರುವ ಜತ್ತ ತಾಲೂಕಿನ ಲೆಕ್ಕವೇ ಬೇರೆ. ಆದ್ದರಿಂದ ಕೇಳುವಾಗ ತಾಲೂಕಿನ ಹೆಸರು ಹೇಳಿಯೇ ಕೇಳಬೇಕು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿ ಇದ್ದು, ಅವರ ವರದಿ ರಾಷ್ಟ್ರಪತಿಗಳಿಗೆ ಹೋಗುತ್ತದೆ.

6. ಸದಸ್ಯರು ಮಾಡಬಹುದಾದದ್ದು

ಅ) ಇಡೀ ಜಾಲತಾಣ ಕನ್ನಡದಲ್ಲಿ ಬೇಕೆಂದು ಮೊದಲೇ ಕೇಳಬೇಡಿ. ಪೂರದ ಮುನ್ನೆಚ್ಚರಿಕೆ, ಆರೋಗ್ಯ, ಶಾಲೆ, ಪಡಿತರ, ಸಾತಬಾರಾ ಉತಾರೆ ಪಡೆಯುವ ಕ್ರಮ ಇಷ್ಟನ್ನು ಮೊದಲು ಕೇಳಿ. ಚಿಕ್ಕ ಬೇಡಿಕೆ ಬೇಗ ಸಾಗುತ್ತದೆ.

ಆ) ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಬರೆದು, ಪ್ರತಿಯನ್ನು ಎನ್‌ಐಸಿಯ ಜಿಲ್ಲಾ ಅಧಿಕಾರಿಗೆ ಕೊಡಿ. ಮೊದಲನೆಯವರು ಒಪ್ಪಬೇಕು, ಎರಡನೆಯವರು ಮಾಡಿಕೊಡಬೇಕು. ಕನ್ನಡ, ಮರಾಠಿ ಎರಡರಲ್ಲೂ ಬರೆಯಿರಿ. ಓದುವ ಗುಮಾಸ್ತನಿಗೂ ಅನುಕೂಲ. ಆವಕ ನಂಬರು ಹಾಕಿಸಿಕೊಂಡ ಪ್ರತಿಯನ್ನು ಜೋಪಾನವಾಗಿಡಿ.

ಇ) ಎರಡೂ ಭಾಷೆ ಬಲ್ಲ ನಿವೃತ್ತ ಶಿಕ್ಷಕರು, ನೌಕರರು ಕರಡು ಓದಿ ತಿದ್ದಿಕೊಡಲು ಸಿದ್ಧರಿದ್ದರೆ ಸಂಘಕ್ಕೆ ಹೆಸರು ಕೊಡಿ. ಬರೆದುಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ನಮ್ಮ ಕೈಯಲ್ಲಿ ಪಟ್ಟಿ ಇರಬೇಕು.

ಈ) ಮರಾಠಿ-ಕನ್ನಡ ಕಚೇರಿ ಪದಗಳಲ್ಲಿ ‘ವಿಸರ್ಗ’ದಂಥ ಗೊಂದಲ ಕಂಡರೆ ಬರೆದು ಕಳಿಸಿ. ಒಟ್ಟುಗೂಡಿಸಿ ಮನವಿಯ ಜೊತೆ ಲಗತ್ತಿಸಬಹುದು.

ಚೌಕಟ್ಟು ಹೊಸದಾಗಿ ಕಟ್ಟುತ್ತಿರುವಾಗಲೇ ಬಾಗಿಲು ಎಲ್ಲಿರಬೇಕೆಂದು ಹೇಳುವುದು ಸುಲಭ. ಗೋಡೆ ಎದ್ದ ಮೇಲೆ ಒಡೆಸುವುದು ಕಷ್ಟ. ಮಳೆಗಾಲಕ್ಕೆ ಮುಂಚೆ ಕನಿಷ್ಠ ಪೂರದ ಸೂಚನೆಗಳ ಬಗ್ಗೆಯಾದರೂ ಮನವಿ ತಲುಪಲಿ ಎಂದು ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ