ಎಂಜಿಬಿ ಸ್ಪೋರ್ಟ್ಸ್ ಕಾರು: ನಿಂತಲ್ಲೇ ಬರಿದಾಗುವ ಬ್ಯಾಟರಿ

ಭಾನುವಾರ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು ಮುಂದಿನ ಭಾನುವಾರ ಸೆಲ್ಫ್ ಹೊಡೆದರೆ 'ಟಿಕ್' ಎಂದು ಸುಮ್ಮನಾಗುತ್ತದೆ. ಮಾಲೀಕರು ಹೊಸ ಬ್ಯಾಟರಿ ತರುತ್ತಾರೆ. ವಾರ ಕಳೆದ ಮೇಲೆ ಮತ್ತದೇ 'ಟಿಕ್'. ಬ್ರಿಟನ್ನಿನ ಹಳೆಯ ಎಂಜಿಬಿ ಕಾರನ್ನು ಜೋಪಾನವಾಗಿಟ್ಟುಕೊಂಡವರಿಗೆ ಇದು ಅಪರೂಪದ ಅನುಭವವೇನಲ್ಲ. ಬ್ಯಾಟರಿಯನ್ನು ದೂರುವ ಮುನ್ನ ವಿದ್ಯುತ್ ಎಲ್ಲಿ ಸೋರುತ್ತಿದೆ ಎಂಬುದನ್ನು ಅಳೆದು ನೋಡುವುದು ಅಗತ್ಯ. ಏಕೆಂದರೆ ಈ ಕಾರಿನಲ್ಲಿ ಫ್ಯೂಸ್ ಇಲ್ಲದ ತಂತಿಗಳೇ ಹೆಚ್ಚು; ಅಲ್ಲಿನ ದೋಷ ಬ್ಯಾಟರಿಯನ್ನಷ್ಟೇ ಅಲ್ಲ, ಕಾರನ್ನೇ ಸುಡಬಲ್ಲದು.

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿ ಕಾರುಗಳಿಗೂ ಇದಕ್ಕೂ ಹೆಸರಿನ ನಂಟಷ್ಟೇ. ವಿದ್ಯುತ್ ಉಪಕರಣಗಳು ಲೂಕಸ್ ಕಂಪನಿಯವು. ಆ ಕಂಪನಿಯ ಸ್ಥಾಪಕ ಜೋಸೆಫ್ ಲೂಕಸ್‌ಗೆ ವಾಹನಪ್ರಿಯರು 'ಕತ್ತಲೆಯ ರಾಜಕುಮಾರ' ಎಂಬ ಬಿರುದನ್ನೇ ಕೊಟ್ಟಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಅರ್ಧ ಶತಮಾನ ತೇವ ಕುಡಿದ ತಂತಿಯ ಕೊಂಡಿಗಳದೂ ತಪ್ಪಿದೆ.

ಮೊದಲು ತಿಳಿಯಬೇಕಾದದ್ದು ಕಾರಿನ ವರ್ಷ. 1967ರ ಕೊನೆಯವರೆಗೆ ಬಂದವುಗಳಲ್ಲಿ ಡೈನಮೋ ಇದ್ದು, ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ದೇಹಕ್ಕೆ ಸೇರಿರುತ್ತದೆ. ಅನಂತರದವುಗಳಲ್ಲಿ ಆಲ್ಟರ್ನೇಟರ್ ಮತ್ತು ನೆಗೆಟಿವ್ ಅರ್ತ್. ಹಿಂದಿನ ಮಾಲೀಕರು ಇದನ್ನು ಬದಲಿಸಿರಲೂಬಹುದು. ಆದ್ದರಿಂದ ಪುಸ್ತಕ ನಂಬದೆ ತಂತಿ ನೋಡಬೇಕು. ಇನ್ನೊಂದು ವೈಶಿಷ್ಟ್ಯವೆಂದರೆ, 1974ರವರೆಗಿನ ಕಾರುಗಳಲ್ಲಿ ಸೀಟಿನ ಹಿಂದೆ, ಹಲಗೆಯ ಕೆಳಗೆ ಸರಣಿಯಲ್ಲಿ ಜೋಡಿಸಿದ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಪೂರ್ಣ ಚಾರ್ಜ್ ಆದಾಗ ಪ್ರತಿಯೊಂದೂ ಸುಮಾರು 6.3 ವೋಲ್ಟ್ ತೋರಿಸಬೇಕು. ಒಂದು ಸೋತರೆ ಜೋಡಿಯೇ ಸೋತಂತೆ. ಇವೆರಡೂ ಕಣ್ಮರೆಯಾಗಿರುವುದರಿಂದ ಡಿಸ್ಟಿಲ್ಡ್ ವಾಟರ್ ಹಾಕುವುದನ್ನೂ ಮರೆಯುವುದುಂಟು.

ಎಂಜಿನ್ ತುಸು ವೇಗದಲ್ಲಿ ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ ಎಂದರ್ಥ. ಆಗ ಸೋರಿಕೆಯತ್ತ ತಿರುಗಬೇಕು. ಕೀಲಿ ತೆಗೆದು, ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿ ತುದಿಗೂ ನಡುವೆ 21 ವ್ಯಾಟಿನ ಬ್ರೇಕ್ ಬಲ್ಬನ್ನು ಹಿಡಿಯಬೇಕು. ಬಲ್ಬ್ ಪ್ರಖರವಾಗಿ ಉರಿದರೆ ಸೋರಿಕೆ ದೊಡ್ಡದು. ಅಲ್ಲಿ ಮೀಟರ್ ಹಚ್ಚಿದರೆ ಮೀಟರಿನ ಫ್ಯೂಸ್ ಹೋದೀತು. ಉರಿಯದಿದ್ದರೆ ಅದೇ ಜಾಗದಲ್ಲಿ ಮಲ್ಟಿಮೀಟರನ್ನು ಆಂಪಿಯರ್ ಅಳತೆಗಿಟ್ಟು ಜೋಡಿಸಬಹುದು. ಮೀಟರ್ ಜೋಡಿಸಿದ್ದಾಗ ಸೆಲ್ಫ್ ಹೊಡೆಯಕೂಡದು. ಬ್ಯಾಟರಿ ಸೀಟಿನ ಹಿಂದಿರುವ ಕಾರಣ ಬಾಗಿಲು ತೆರೆದೇ ಕೆಲಸ ಮಾಡಬೇಕಾಗುತ್ತದೆ. ಆಗ ಒಳದೀಪ ಉರಿದು ಮೀಟರ್ ಸುಳ್ಳು ಹೇಳುತ್ತದೆ. ಬಾಗಿಲಿನ ಸ್ವಿಚ್ಚನ್ನು ಒತ್ತಿ ಕಟ್ಟಿಡುವುದು ಉಪಾಯ.

ಕಂಪ್ಯೂಟರ್ ಇಲ್ಲದ ಈ ಕಾರಿನಲ್ಲಿ ಮೀಟರ್ ಬಹುತೇಕ ಸೊನ್ನೆ ತೋರಿಸಬೇಕು. ಹೊಸ ರೇಡಿಯೊ ಹಾಕಿಸಿದ್ದರೆ ಕೆಲವು ಮಿಲಿ ಆಂಪಿಯರ್ ಸಹಜ. 0.4 ಆಂಪಿಯರ್ ಬಂದರೆ ಎಲ್ಲೋ 5 ವ್ಯಾಟಿನ ದೀಪವೊಂದು ಉರಿಯುತ್ತಿರಬಹುದು. ಅಷ್ಟೇ ಸಾಕು, 50 ಆಂಪಿಯರ್-ಅವರ್ ಬ್ಯಾಟರಿ 5 ದಿನಗಳಲ್ಲಿ ಬರಿದು. ಮುಚ್ಚಿದ ಡಿಕ್ಕಿಯ ದೀಪ ಉರಿಯುತ್ತಿದ್ದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಇಲ್ಲಿ ತಂತಿಯ ಬಣ್ಣಗಳೇ ದಾರಿ ತೋರುತ್ತವೆ. ನೇರಳೆ ತಂತಿಯಲ್ಲಿ ಕೀಲಿ ತೆಗೆದ ಮೇಲೂ ವಿದ್ಯುತ್ ಇರುತ್ತದೆ. ಹಾರ್ನ್, ಒಳದೀಪಗಳು ಅದರಲ್ಲಿವೆ. ಅದರ ಫ್ಯೂಸ್ ಕಿತ್ತಾಗ ಮೀಟರ್ ಸೊನ್ನೆಗಿಳಿದರೆ ತಪ್ಪಿತಸ್ಥ ಅಲ್ಲಿಯೇ ಇದ್ದಾನೆ. ಇಳಿಯದಿದ್ದರೆ ಕಂದು ತಂತಿಯ ಮೇಲೆ ಅನುಮಾನ. ಬ್ಯಾಟರಿಯಿಂದ ನೇರವಾಗಿ ಬರುವ ಇದಕ್ಕೆ ಫ್ಯೂಸೇ ಇಲ್ಲ. ಬ್ಯಾಟರಿ ಸಂಪರ್ಕ ತೆಗೆದು ಆಲ್ಟರ್ನೇಟರ್ ಪ್ಲಗ್ ಬಿಚ್ಚಿ ಪುನಃ ಅಳೆದಾಗ ಸೋರಿಕೆ ನಿಂತಿದ್ದರೆ ಅದರೊಳಗಿನ ಡಯೋಡ್ ಕೆಟ್ಟಿದೆ. ಡೈನಮೋ ಕಾರಾದರೆ ಕಂಟ್ರೋಲ್ ಬಾಕ್ಸಿನ ಸಂಪರ್ಕಗಳು ಅಂಟಿಕೊಂಡು, ಬ್ಯಾಟರಿ ಡೈನಮೋಗೆ ಹಿಮ್ಮುಖವಾಗಿ ಹರಿಯುತ್ತಿರಬಹುದು. ಅಂಥ ಕಾರಿನ ಬ್ಯಾಟರಿ ತಂತಿಯನ್ನು ಕೂಡಲೇ ಬಿಚ್ಚಿಡಬೇಕು.

ಸೋರಿಕೆಯಿಲ್ಲದೆಯೂ ದೀಪ ಮಂಕಾದರೆ, ಸೆಲ್ಫ್ ತಿಣುಕಿದರೆ ಅರ್ತ್ ನೋಡಬೇಕು. ದೀಪ ಉರಿಯುತ್ತಿರುವಾಗ ಅದರ ಅರ್ತ್‌ಗೂ ಬ್ಯಾಟರಿಯ ಅರ್ತ್ ತುದಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಜೋಡಣೆಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿಗೊಳಿಸಬೇಕು. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದನ್ನು ದೇಹಕ್ಕೆ ಸೇರಿಸುವ ಅರ್ತ್ ಪಟ್ಟಿ ಬಹಳ ಮುಖ್ಯ. ಪಟ್ಟಿ ತುಂಡಾದರೆ ಸೆಲ್ಫಿನ ಭಾರೀ ವಿದ್ಯುತ್ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಚೋಕ್ ಎಳೆದ ಕೈಗೆ ಬಿಸಿ ತಾಕಿದರೆ ಬ್ಯಾಟರಿ ಅಂಗಡಿಗೆ ಹೋಗುವ ಮುನ್ನ ಕಾರಿನ ಕೆಳಗೆ ಬಗ್ಗಿ ಆ ಪಟ್ಟಿಯನ್ನು ನೋಡಿ.

ವಾರಗಟ್ಟಲೆ ನಿಲ್ಲುವ ಕಾರಿಗೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿಕೊಳ್ಳುವುದು ಕಡಿಮೆ ಖರ್ಚಿನ ರಕ್ಷಣೆ. ಮೂಲರೂಪ ಕೆಡುತ್ತದೆ ಎಂದು ಕೆಲವರು ಒಪ್ಪುವುದಿಲ್ಲ. ಆದರೆ ಅದನ್ನು ಸೀಟಿನ ಹಿಂದೆ, ಬ್ಯಾಟರಿಯ ಪಕ್ಕದಲ್ಲೇ ಮರೆಮಾಡಬಹುದು. ತಂತಿ ಬದಲಿಸುವವರು ಮಾತ್ರ ಕೈಗೆ ಸಿಕ್ಕ ಬಣ್ಣ ಹಾಕದೆ, ಕಂದಿಗೆ ಕಂದು, ನೇರಳೆಗೆ ನೇರಳೆಯನ್ನೇ ಬಳಸಬೇಕು. ಮುಂದೆ ಬಾನೆಟ್ ತೆರೆಯುವ ಮೆಕ್ಯಾನಿಕ್‌ಗೆ ಬೇರೆ ನಕ್ಷೆ ಇರುವುದಿಲ್ಲ.