ವರ್ಚುಯಲ್ ಯಂತ್ರಗಳಿಗೆ ಡಿಸ್ಕ್ ಇಂಟರ್‌ಫೇಸ್ ಆಯ್ಕೆ: ಬಳಕೆದಾರರ ಮಾಹಿತಿಗಾಗಿ

ಗಣಕಯಂತ್ರವೊಂದರೊಳಗೆ ತಂತ್ರಾಂಶದ ನೆರವಿನಿಂದ ನಡೆಯುವ ಮತ್ತೊಂದು ಗಣಕವನ್ನು ವರ್ಚುಯಲ್ ಯಂತ್ರವೆನ್ನಲಾಗುತ್ತದೆ. ಇದರ ಡಿಸ್ಕ್ ಸಾಮಾನ್ಯವಾಗಿ ಒಂದು ಕಡತವಷ್ಟೇ. ಆ ಕಡತವು ಒಳಗಿನ ಕಾರ್ಯಾಚರಣಾ ವ್ಯವಸ್ಥೆಗೆ ಯಾವ ಬಗೆಯ ಡಿಸ್ಕಾಗಿ ಕಾಣಬೇಕೆಂಬುದನ್ನು ಇಂಟರ್‌ಫೇಸ್ ನಿರ್ಧರಿಸುತ್ತದೆ. ಕೆವಿಎಂ ಬಳಸುವವರಿಗೆ ಅನ್ವಯಿಸುವ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಐಡಿಇ ಬಗೆಯನ್ನು ಹಳೆಯ ವ್ಯವಸ್ಥೆಗಳೂ ಗುರುತಿಸುತ್ತವೆ. ಆದರೆ ಇದರ ವೇಗ ಕಡಿಮೆ, ಸಿ.ಡಿ. ಡ್ರೈವ್ ಸೇರಿ 4 ಸಾಧನಗಳಿಗಷ್ಟೇ ಅವಕಾಶವಿದೆ. ವಿಂಡೋಸ್ ಎಕ್ಸ್‌ಪಿಯಂತಹವನ್ನು ನಡೆಸಲೇಬೇಕಾದವರ ಹೊರತು ಇತರರಿಗೆ ಇದರ ಅಗತ್ಯ ಕಂಡುಬರುವುದಿಲ್ಲ. ಸಾಟಾ ಮಧ್ಯಮ ಮಾರ್ಗ. ವರ್ಚುಯಲ್ ಯಂತ್ರಗಳಿಗೆಂದೇ ರೂಪಿತವಾದ ವರ್ಟ್‌ಐಓ ವೇಗದಲ್ಲಿ ಮುಂದಿದ್ದು, 2008ರಲ್ಲಿ ಬಿಡುಗಡೆಯಾದ 2.6.24ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲಿ ಅಡಕವಾಗಿದೆ. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದ್ದಲ್ಲಿ ವರ್ಟ್‌ಐಓ-ಸ್ಕಸಿ ಸೂಕ್ತ.

ವಿಂಡೋಸ್ ಅನುಸ್ಥಾಪನಾ ಮಾಧ್ಯಮದಲ್ಲಿ ವರ್ಟ್‌ಐಓ ಚಾಲಕ ತಂತ್ರಾಂಶವಿರುವುದಿಲ್ಲ. ಅನುಸ್ಥಾಪನೆಯ ವೇಳೆ ಡಿಸ್ಕ್ ಕಾಣದಿದ್ದಲ್ಲಿ ಗಾಬರಿಪಡದೆ, ವರ್ಟ್‌ಐಓ-ವಿನ್ ಐಎಸ್‌ಓ ಕಡತವನ್ನು ಎರಡನೆಯ ಸಿ.ಡಿ.ಯಾಗಿ ಜೋಡಿಸಿ ಚಾಲಕವನ್ನು ಒದಗಿಸತಕ್ಕದ್ದು.

ವಿಶೇಷ ಸೂಚನೆ: ಐಡಿಇ ಅಥವಾ ಸಾಟಾದಲ್ಲಿ ಈಗಾಗಲೇ ಸ್ಥಾಪಿತವಾಗಿರುವ ವಿಂಡೋಸ್ ಡಿಸ್ಕನ್ನು ನೇರವಾಗಿ ವರ್ಟ್‌ಐಓಗೆ ಬದಲಾಯಿಸಬಾರದು. ಚಾಲಕವಿಲ್ಲದ ಕಾರಣ ಯಂತ್ರವು ಆರಂಭವಾಗದೆ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಮೊದಲು ಡಿಸ್ಕ್ ಕಡತದ ಪ್ರತಿಯನ್ನು ತೆಗೆದಿರಿಸಿ, ಹೊಸ ಬಗೆಯ ಸಣ್ಣ ಖಾಲಿ ಡಿಸ್ಕೊಂದನ್ನು ಸೇರಿಸಿ, ಯಂತ್ರವನ್ನು ಎಂದಿನಂತೆ ಆರಂಭಿಸಿ ಚಾಲಕವನ್ನು ಅಳವಡಿಸತಕ್ಕದ್ದು. ಅನಂತರವೇ ಮೂಲ ಡಿಸ್ಕನ್ನು ಬದಲಾಯಿಸಬಹುದು. ಲಿನಕ್ಸ್‌ನಲ್ಲಿ ಎಸ್‌ಡಿಎ ಎಂದಿದ್ದ ಡಿಸ್ಕ್ ವರ್ಟ್‌ಐಓ ಅಡಿಯಲ್ಲಿ ವಿಡಿಎ ಎಂದಾಗುವ ಕಾರಣ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೆಸರಿನ ಬದಲು ಯುಯುಐಡಿ ನಮೂದಿಸುವುದು ಕ್ಷೇಮ.