ಅಡುಗೆಮನೆಗೆ ವಯಸ್ಸಾಗುವುದು ಹೇಗೆ?

ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ 2009ರಲ್ಲಿ ಒಂದು ಹಳೆಯ ಅಡುಗೆಮನೆಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದು ಯಾವ ರಾಜನ ಅರಮನೆಯದೂ ಅಲ್ಲ, ಸಿರಿವಂತರ ಬಂಗಲೆಯದೂ ಅಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಸಾಧಾರಣ ಸಂಸಾರಗಳಿಗೆ ಬಾಡಿಗೆಗೆ ಕೊಡಲೆಂದು 1920ರ ದಶಕದಲ್ಲಿ ಕಟ್ಟಿದ ಮನೆಯೊಂದರ ಪುಟ್ಟ ಅಡುಗೆಕೋಣೆ. ಅಂಥ ಸಾವಿರಾರು ಅಡುಗೆಮನೆಗಳನ್ನು 1960 ಮತ್ತು 70ರ ದಶಕಗಳಲ್ಲಿ ಅದೇ ಊರಿನ ಜನ ಕಿತ್ತು ಗುಜರಿಗೆ ಹಾಕಿದ್ದರು.

ಒಂದು ಕಾಲಕ್ಕೆ ಹೊಸತನದ ಪರಾಕಾಷ್ಠೆ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಓಬೀರಾಯನ ಕಾಲದ್ದು. ಇನ್ನೂ ನಲವತ್ತು ವರ್ಷ ಕಳೆದ ಮೇಲೆ ಗಾಜಿನ ಕಟಕಟೆಯ ಆಚೆ ನಿಂತು ನೋಡುವ ವಸ್ತು. ಈಗ ಬೆಂಗಳೂರಿನಂಥ ಊರುಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಸುರಿದು ಹಿಡಿಕೆಯಿಲ್ಲದ ಕಪಾಟು, ಹೊಳೆಯುವ ಕೃತಕ ಕಲ್ಲು, ಗೋಡೆಯೇ ಇಲ್ಲದ ‘ಓಪನ್ ಕಿಚನ್’ ಮಾಡಿಸಿಕೊಳ್ಳುವವರು ಈ ಕಥೆಯನ್ನೊಮ್ಮೆ ಕೇಳಬೇಕು. ಅಡುಗೆಮನೆಯಲ್ಲಿ ಬೇಗ ಹಳತಾಗುವುದು ಯಾವುದು? ಹಳತಾಗಿಯೂ ಉಳಿಯುವುದು ಯಾವುದು? ಹಳತಾಗುವುದರ ಜತೆಗೆ ನೋವನ್ನೂ ಕೊಡುವುದು ಯಾವುದು? ಈ ಮೂರಕ್ಕೂ ಫ್ರಾಂಕ್‌ಫರ್ಟಿನ ಅಡುಗೆಮನೆಯಲ್ಲಿ ಉತ್ತರವಿದೆ.

ರೈಲಿನಿಂದ ಇಳಿದ ಅಡುಗೆಮನೆ

ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯ ನಗರಗಳಲ್ಲಿ ಮನೆಗಳಿಗೆ ತೀವ್ರ ಅಭಾವ. ಕೂಲಿಕಾರರ ಸಂಸಾರಗಳು ಒಂದೇ ಕೋಣೆಯಲ್ಲಿ ಅಡುಗೆ ಮಾಡಿ, ಅಲ್ಲೇ ಉಂಡು, ಅಲ್ಲೇ ಮಿಂದು, ಎಷ್ಟೋ ವೇಳೆ ಅಲ್ಲೇ ಮಲಗುತ್ತಿದ್ದವು. ಫ್ರಾಂಕ್‌ಫರ್ಟ್ ನಗರಾಡಳಿತದ ವಾಸ್ತುಶಿಲ್ಪಿ ಅರ್ನ್ಸ್ಟ್ ಮೈ ಸಾವಿರಾರು ಹೊಸ ಮನೆಗಳನ್ನು ಕಟ್ಟಿಸುವ ಯೋಜನೆ ಕೈಗೊಂಡರು. 1926ರಲ್ಲಿ ಅವರು ವಿಯೆನ್ನಾದಿಂದ ಕರೆಸಿಕೊಂಡವರ ಪೈಕಿ ಮಾರ್ಗರೇಟ್ ಲಿಹೋಟ್ಸ್ಕಿ ಒಬ್ಬರು. ಮದುವೆಯ ನಂತರ ಶುಟ್ಟೆ-ಲಿಹೋಟ್ಸ್ಕಿ ಎಂದು ಹೆಸರಾದ ಈಕೆ ಆಸ್ಟ್ರಿಯಾದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಆಗ ಅವರಿಗೆ 29 ವರ್ಷ.

ಆ ಹೊತ್ತಿಗೆ ಅಮೆರಿಕದಲ್ಲಿ ಕ್ರಿಸ್ಟೀನ್ ಫ್ರೆಡರಿಕ್ ಎಂಬಾಕೆ ಕಾರ್ಖಾನೆಯ ಲೆಕ್ಕಾಚಾರವನ್ನು ಅಡುಗೆಮನೆಗೆ ತಂದಿದ್ದರು. ಕಾರ್ಮಿಕನೊಬ್ಬ ಒಂದು ಕೆಲಸಕ್ಕೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದು ಟೇಲರ್ ಎಂಬ ಎಂಜಿನಿಯರ್ ಅಳೆದ ಹಾಗೆಯೇ, ಗೃಹಿಣಿ ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಎಷ್ಟು ಹೆಜ್ಜೆ ಹಾಕುತ್ತಾಳೆ ಎಂದು ಫ್ರೆಡರಿಕ್ ಎಣಿಸಿದರು. 1913ರಲ್ಲಿ ಪ್ರಕಟವಾದ ಅವರ ಪುಸ್ತಕ ಜರ್ಮನ್ ಭಾಷೆಗೂ ಅನುವಾದವಾಯಿತು. ಅದನ್ನು ಓದಿದ ಲಿಹೋಟ್ಸ್ಕಿಗೆ ಇನ್ನೊಂದು ಮಾದರಿಯೂ ಕಣ್ಣಮುಂದಿತ್ತು: ರೈಲುಗಾಡಿಯ ಊಟದ ಬೋಗಿ. ಅಂಗೈಯಗಲ ಜಾಗದಲ್ಲಿ ಅಷ್ಟೊಂದು ಪ್ರಯಾಣಿಕರಿಗೆ ಅಡುಗೆ ಆಗುವುದಾದರೆ ಮನೆಯಲ್ಲಿ ಏಕೆ ಆಗದು?

ಹೀಗೆ ಹುಟ್ಟಿದ ಅಡುಗೆಮನೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್. ಅಂದರೆ ಹೆಚ್ಚುಕಡಿಮೆ 6 ಅಡಿಗೆ 11 ಅಡಿ. ಆ ಇಕ್ಕಟ್ಟಿನಲ್ಲಿ ಒಂದಂಗುಲವೂ ವ್ಯರ್ಥವಾಗದಂತೆ ಎಲ್ಲವನ್ನೂ ಗೋಡೆಗೆ ಸೇರಿಸಿ ಮಾಡಲಾಗಿತ್ತು. ಕಿಟಕಿಯ ಕೆಳಗೆ ಬೆಳಕು ಬೀಳುವ ಕಡೆ ಹೆಚ್ಚುವ ಮೇಜು. ಅದರಲ್ಲೇ ಸಿಪ್ಪೆ-ಕಸ ತಳ್ಳಲು ಒಂದು ಡ್ರಾಯರ್. ತೊಳೆದ ತಟ್ಟೆಗಳ ನೀರು ತಾನಾಗಿ ಬಸಿಯಲು ಹಲಗೆ. ಗೋಡೆಗೆ ಮಡಚಿಡಬಹುದಾದ ಇಸ್ತ್ರಿ ಹಲಗೆ. ಅಕ್ಕಿ, ಸಕ್ಕರೆ ಮುಂತಾದವಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು. ಎಳೆದು ನೇರವಾಗಿ ಪಾತ್ರೆಗೆ ಸುರಿಯಲು ಅವಕ್ಕೆ ಮೂತಿ ಬೇರೆ. ಹಿಟ್ಟಿಗೆ ಮಾತ್ರ ಹುಳು ಹಿಡಿಯದಿರಲೆಂದು ಓಕ್ ಮರದ ಪೆಟ್ಟಿಗೆ. ಕೂತು ಕೆಲಸ ಮಾಡಲು ತಿರುಗುವ ಸ್ಟೂಲು. ನೊಣಗಳು ನೀಲಿಯ ಮೇಲೆ ಕೂರುವುದಿಲ್ಲ ಎಂಬ ಅಂದಿನ ನಂಬಿಕೆಯಂತೆ ಕಪಾಟುಗಳಿಗೆ ನೀಲಿ ಬಣ್ಣ.

ಇಂಥ ಸುಮಾರು 10,000 ಅಡುಗೆಮನೆಗಳು ಕೆಲವೇ ವರ್ಷಗಳಲ್ಲಿ ಫ್ರಾಂಕ್‌ಫರ್ಟಿನ ಹೊಸ ಮನೆಗಳಲ್ಲಿ ಕೂತವು. ಲಿಹೋಟ್ಸ್ಕಿಯ ಉದ್ದೇಶ ಸ್ಪಷ್ಟವಿತ್ತು. ಹೆಂಗಸರು ಒಲೆಯ ಮುಂದೆ ಕಳೆಯುವ ಗಂಟೆಗಳು ಕಡಿಮೆಯಾಗಬೇಕು. ಉಳಿದ ಹೊತ್ತು ದುಡಿಮೆಗೆ, ಓದಿಗೆ, ವಿಶ್ರಾಂತಿಗೆ ಸಿಗಬೇಕು.

ಒಬ್ಬರಿಗಷ್ಟೇ ಜಾಗ

ಲೆಕ್ಕ ತಪ್ಪಿದ್ದು ಎಲ್ಲಿ? ಹೆಜ್ಜೆಗಳ ಎಣಿಕೆಯಲ್ಲಲ್ಲ, ಕೋಣೆಯೊಳಗೆ ನಿಲ್ಲುವವರ ಎಣಿಕೆಯಲ್ಲಿ. ಆ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮಗಳು ತಾಯಿಗೆ ನೆರವಾಗುವಂತಿಲ್ಲ, ಗಂಡ ಪಾತ್ರೆ ಒರೆಸಿಕೊಡುವಂತಿಲ್ಲ, ಅಜ್ಜಿ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುವಂತಿಲ್ಲ. ಸಾಲಾಗಿ ಜೋಡಿಸಿದ ಅಲ್ಯೂಮಿನಿಯಂ ಡಬ್ಬಿಗಳು ಮಕ್ಕಳ ಕೈಗೆ ಚೆನ್ನಾಗಿಯೇ ಎಟುಕುತ್ತಿದ್ದವು. ಡಬ್ಬಿಯ ಮೇಲೆ ಅಚ್ಚು ಹಾಕಿದ ಹೆಸರೇ ಒಂದು, ಮನೆಯವರು ಅದರಲ್ಲಿ ತುಂಬಿಟ್ಟುಕೊಂಡಿದ್ದೇ ಇನ್ನೊಂದು ಎಂಬಂತಾಗಿತ್ತು. ಆ ವಿನ್ಯಾಸ ಮಾಡುವ ಮೊದಲು ತಾನು ಮನೆ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಎಂದು ಲಿಹೋಟ್ಸ್ಕಿ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಎರಡನೇ ಮಹಾಯುದ್ಧದ ನಂತರ, ಒರೆಸಿದರೆ ಸಾಕು ಫಳಫಳ ಎನ್ನುವ ಲ್ಯಾಮಿನೇಟ್ ಹಲಗೆಗಳು ಅಗ್ಗವಾದವು. ಮರದ ನೀಲಿ ಕಪಾಟುಗಳು ಆಗ ಹಳೆಯ ಕಾಲದವಾಗಿ ಕಂಡವು. ಜನ ಅವನ್ನು ಕಿತ್ತೊಗೆದರು. ಎಷ್ಟೋ ಮನೆಗಳಲ್ಲಿ ಉಳಿದದ್ದು ಆ ಅಲ್ಯೂಮಿನಿಯಂ ಡಬ್ಬಿಗಳಷ್ಟೇ. 1970ರ ದಶಕದಲ್ಲಿ ಮಹಿಳಾ ಚಿಂತಕಿಯರು ಇನ್ನೂ ಆಳದ ಆಕ್ಷೇಪ ಎತ್ತಿದರು. ಬಿಡುಗಡೆ ಕೊಡಲು ಹೊರಟ ಕೋಣೆ ಹೆಂಗಸನ್ನು ಮನೆಯ ಉಳಿದವರಿಂದ ಬೇರ್ಪಡಿಸಿ ಒಂಟಿಯಾಗಿ ನಿಲ್ಲಿಸಿತು ಎಂಬುದು ಅವರ ವಾದ. ಕೆಲಸ ಹಗುರವಾಯಿತು ನಿಜ. ಆದರೆ ಅದು ಒಬ್ಬಳದೇ ಕೆಲಸ ಎಂಬುದು ಗೋಡೆಯಷ್ಟೇ ಗಟ್ಟಿಯಾಯಿತು.

ಲಿಹೋಟ್ಸ್ಕಿಯ ಬದುಕು ಅಡುಗೆಮನೆಗಿಂತ ಬಹಳ ದೊಡ್ಡದಿತ್ತು. 1930ರಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಹೋಗಿ ಹೊಸ ನಗರಗಳ ನಿರ್ಮಾಣದಲ್ಲಿ ದುಡಿದರು. ಹಿಟ್ಲರನ ವಿರುದ್ಧದ ಭೂಗತ ಚಳವಳಿಗಾಗಿ ವಿಯೆನ್ನಾಕ್ಕೆ ಮರಳಿ, 1941ರಲ್ಲಿ ಸೆರೆಸಿಕ್ಕು, 1945ರವರೆಗೆ ಜೈಲಿನಲ್ಲಿದ್ದರು. 2000ದ ಜನವರಿಯಲ್ಲಿ, 103 ತುಂಬಲು ಐದು ದಿನವಿದ್ದಾಗ ತೀರಿಕೊಂಡರು. ಕೇಳಲು ಬಂದವರೆಲ್ಲ ಆ ಒಂದು ಅಡುಗೆಮನೆಯ ಬಗ್ಗೆಯೇ ಕೇಳುತ್ತಿದ್ದುದು ಅವರಿಗೆ ಬೇಸರ ತರಿಸಿತ್ತು.

ಬೆಣ್ಣೆಹಣ್ಣಿನ ಹಸಿರು

ಯುರೋಪಿನಲ್ಲಿ ಹೆಜ್ಜೆ ಎಣಿಸುತ್ತಿದ್ದರೆ ಅಮೆರಿಕದಲ್ಲಿ ಅಡುಗೆಮನೆ ಅಂತಸ್ತಿನ ಗುರುತಾಗುತ್ತಿತ್ತು. 1959ರ ಜುಲೈನಲ್ಲಿ ಮಾಸ್ಕೋದ ಅಮೆರಿಕನ್ ವಸ್ತುಪ್ರದರ್ಶನದಲ್ಲಿ ಉಪಾಧ್ಯಕ್ಷ ನಿಕ್ಸನ್ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ನಿಂಬೆಹಳದಿ ಬಣ್ಣದ ಮಾದರಿ ಅಡುಗೆಮನೆಯ ಮುಂದೆ ನಿಲ್ಲಿಸಿ, ತಮ್ಮ ದೇಶದ ಗೃಹಿಣಿಯರ ಸುಖವನ್ನು ವರ್ಣಿಸಿದರು. ತುತ್ತು ಬಾಯಿಗಿಟ್ಟು ಒಳಗೆ ತಳ್ಳುವ ಯಂತ್ರವೂ ಇದೆಯೇ ಎಂದು ಕ್ರುಶ್ಚೇವ್ ಕುಟುಕಿದರು. ಶೀತಲ ಸಮರದ ಕಾಲದಲ್ಲಿ ಕ್ಷಿಪಣಿಗಳ ಜತೆಗೆ ಒಲೆ-ಪಾತ್ರೆಗಳೂ ಪೈಪೋಟಿಗಿಳಿದ ಪ್ರಸಂಗವಿದು.

ಬಳಿಕ ಬಣ್ಣಗಳ ಸುಗ್ಗಿ. 1960ರ ದಶಕದ ಕೊನೆಯಿಂದ ಅಮೆರಿಕದ ಫ್ರಿಜ್ಜು, ಒಲೆಗಳೆಲ್ಲ ಬೆಣ್ಣೆಹಣ್ಣಿನ ಹಸಿರು ಇಲ್ಲವೇ ಮಾಗಿದ ಪೈರಿನ ಹೊಂಬಣ್ಣ ಬಳಿದುಕೊಂಡವು. ಆ ಬಣ್ಣದ ಫ್ರಿಜ್ಜು ಇಲ್ಲದ ಮನೆ ಹಿಂದುಳಿದ ಮನೆ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದೇ ಬಣ್ಣ ನಗೆಪಾಟಲಾಯಿತು. ಫ್ರಿಜ್ಜು ಕೆಟ್ಟಿರಲಿಲ್ಲ, ಒಲೆ ಆರಿರಲಿಲ್ಲ. ಕಣ್ಣಿಗೆ ಸಾಕಾಗಿತ್ತು, ಅಷ್ಟೇ. ಮುಂದೆ ಬಿಳಿ ಬಂತು, ಅದರ ಹಿಂದೆ ಹೋಟೆಲಿನ ಅಡುಗೆಮನೆಯಂತೆ ಹೊಳೆಯುವ ಉಕ್ಕು ಬಂತು.

ಬಣ್ಣದ ವೃದ್ಧಾಪ್ಯ ಬೇಗ ಬರುತ್ತದೆ, ಆದರೆ ಯಾರಿಗೂ ನೋವು ಕೊಡುವುದಿಲ್ಲ. ಕೈಯಲ್ಲಿ ಕಾಸಿದ್ದರೆ ಬದಲಿಸಬಹುದು, ಇಲ್ಲವಾದರೆ ಹಾಗೇ ಇಟ್ಟುಕೊಂಡು ಉಣ್ಣಬಹುದು. ಕೆಲಸ ಮಾಡುವವರ ಮೈಗೆ ಸಂಬಂಧಿಸಿದ ತಪ್ಪು ಹಾಗಲ್ಲ. ಅದನ್ನು ನಮ್ಮ ನಾಡಿನ ಅಡುಗೆಮನೆಗಳಲ್ಲೇ ನೋಡಬಹುದು.

ನೆಲದಿಂದ ಕಟ್ಟೆಗೆ

ಕನ್ನಡನಾಡಿನ ಹಳೆಯ ಅಡುಗೆಮನೆ ಬಹುಮಟ್ಟಿಗೆ ನೆಲದ ಮೇಲಿನ ಲೋಕ. ಮಣ್ಣಿನ ಒಲೆ ನೆಲಕ್ಕೆ ತಾಗಿದಂತೆ. ಹೆಚ್ಚಲು ಈಳಿಗೆಮಣೆ, ರುಬ್ಬಲು ಒರಳುಕಲ್ಲು, ಮೂಲೆಯಲ್ಲಿ ತೊಳೆಯುವ ಬಚ್ಚಲು. ಕೂತು ಮಾಡುವ ಕೆಲಸವಾದ್ದರಿಂದ ಇಬ್ಬರು ಮೂವರು ಸುತ್ತ ಕೂರಬಹುದಿತ್ತು, ಮಾತಾಡಬಹುದಿತ್ತು. ಆದರೆ ಕೂತು, ಎದ್ದು, ಬಗ್ಗಿ ಮಂಡಿ-ಸೊಂಟಗಳು ಸವೆಯುತ್ತಿದ್ದವು. ಹೊಗೆ ಕಣ್ಣು, ಎದೆ ಎರಡನ್ನೂ ಸುಡುತ್ತಿತ್ತು.

ಈ ಲೋಕವನ್ನು ಎಬ್ಬಿಸಿ ನಿಲ್ಲಿಸಿದ್ದರಲ್ಲಿ ಗ್ಯಾಸ್ ಒಲೆಯ ಪಾತ್ರ ದೊಡ್ಡದು. ಇಂಡಿಯನ್ ಆಯಿಲ್ ಸಂಸ್ಥೆ ತನ್ನ ‘ಇಂಡೇನ್’ ಅನಿಲದ ಮೊದಲ ಸಂಪರ್ಕವನ್ನು 1965ರಲ್ಲಿ ಕಲ್ಕತ್ತೆಯಲ್ಲಿ ಕೊಟ್ಟಿತು. ಸುರಕ್ಷತೆಯ ದೃಷ್ಟಿಯಿಂದ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಹೀಗಾಗಿ ಗ್ಯಾಸ್ ಬಂದ ಮನೆಗೆ ಕಟ್ಟೆಯೂ ಬೇಕಾಯಿತು. ಕಡಪ ಕಲ್ಲಿನ ಕಪ್ಪು ಚಪ್ಪಡಿ, ಆಮೇಲೆ ಗ್ರಾನೈಟ್, ಪಕ್ಕದಲ್ಲಿ ಸಿಂಕು. ಫ್ರಾಂಕ್‌ಫರ್ಟಿನ ಒಂದೇ ಸಾಲಿನ ಕೆಲಸದ ಕಟ್ಟೆಯ ದೂರದ ನೆಂಟ ನಮ್ಮ ಬಡಾವಣೆಗಳ ಮನೆಗಳಿಗೂ ಕಾಲಿಟ್ಟಿತು. ಗ್ಯಾಸ್ ತಲುಪದ ಹಳ್ಳಿಗಳ ಹೊಗೆಗೆ ಉತ್ತರ ಹುಡುಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ. ಅದು ರೂಪಿಸಿದ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಸೌದೆಯನ್ನೂ ಉಳಿಸಿತು, ಹೊಗೆಯನ್ನೂ ಹೊರಹಾಕಿತು.

ಇವು ಯಾವುವೂ ಚೆಂದಕ್ಕಾಗಿ ಬಂದವಲ್ಲ. ಆದ್ದರಿಂದಲೇ ಕಟ್ಟೆ ಹಳತಾಗಲಿಲ್ಲ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಒರಳುಕಲ್ಲು ಹಿತ್ತಲಿಗೆ ಹೋಯಿತು. ಈಗ ರೆಸಾರ್ಟುಗಳ ಅಂಗಳದಲ್ಲಿ ಅಲಂಕಾರಕ್ಕೆ ಕೂತಿದೆ. ಚಟ್ನಿಯ ರುಚಿ ನೆನೆದು ನಿಟ್ಟುಸಿರಿಡುವವರುಂಟು. ಆದರೆ ದಿನಾ ಅದರ ಮುಂದೆ ಕೂತು ತೋಳು ನೋಯಿಸಿಕೊಂಡವರು ಅದು ಒಳಗೆ ಬರಲಿ ಎಂದು ಕೇಳುವುದು ಅಪರೂಪ.

ಆದರೂ ಕಟ್ಟೆಯಲ್ಲೊಂದು ಹಳೆಯ ತಪ್ಪು ಉಳಿದಿದೆ. ಎಲ್ಲ ಮನೆಗೂ ಒಂದೇ ಎತ್ತರ! ಐದಡಿಯ ಅತ್ತೆಗೂ ಐದೂವರೆ ಅಡಿಯ ಸೊಸೆಗೂ ಅದೇ ಕಟ್ಟೆ. ಕೂತು ಮಾಡುತ್ತಿದ್ದ ಕೆಲಸಗಳನ್ನೂ ನಿಂತೇ ಮಾಡಬೇಕು. ಲಿಹೋಟ್ಸ್ಕಿ ಮರೆಯದೆ ಇರಿಸಿದ್ದ ಆ ತಿರುಗುವ ಸ್ಟೂಲನ್ನು ಅವರ ಅಡುಗೆಮನೆಯಿಂದ ಕಲಿತ ಜಗತ್ತು ಬಹುಪಾಲು ಮರೆತೇಬಿಟ್ಟಿತು.

ಗೋಡೆ ಬಿದ್ದ ಮೇಲೆ

ಈಗಿನ ಮಾತಿಗೆ ಬರೋಣ. ಗೋಡೆಯಿಲ್ಲದ ಅಡುಗೆಮನೆಯೂ ಹೊಸದೇನಲ್ಲ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1934ರಲ್ಲೇ ಮಿನಿಯಾಪೊಲಿಸ್ ನಗರದ ಒಂದು ಮನೆಯಲ್ಲಿ ಅಡುಗೆಯ ಜಾಗವನ್ನು ಕೂಡುಕೋಣೆಗೆ ತೆರೆದಿದ್ದರು. ಅಡುಗೆಯವರು ಒಂಟಿಯಾಗಬಾರದು ಎಂಬ ಅರ್ಥದಲ್ಲಿ ಇದು ಫ್ರಾಂಕ್‌ಫರ್ಟಿನ ತಪ್ಪಿಗೆ ಪರಿಹಾರವೇ ಸರಿ. ಮಡಿ-ಮೈಲಿಗೆಯ ಕಟ್ಟುಪಾಡಿನಿಂದ ಬಾಗಿಲು ಮುಚ್ಚಿಕೊಂಡಿದ್ದ ಮನೆಗಳಿಗೆ ಅದು ಬೇರೆಯೇ ಬಗೆಯ ಬಿಡುಗಡೆ.

ಆದರೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಘಾಟಿಗೆ ಗೋಡೆ ಬಿದ್ದದ್ದು ವರವೇ ಆಯಿತು. ಅದು ಸೋಫಾದವರೆಗೂ ಸಲೀಸಾಗಿ ನಡೆದುಬರುತ್ತದೆ. ಹೀಗಾಗಿ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಹೊಂದಿಕೊಂಡ ‘ಯುಟಿಲಿಟಿ’ ಎಂಬ ಕಿರುಜಾಗವೇ ನಿಜವಾದ ದುಡಿಮೆಯ ತಾಣ. ಮುಸುರೆ ಪಾತ್ರೆ, ಬಟ್ಟೆ ಒಗೆಯುವ ಯಂತ್ರ, ಕೆಲಸಕ್ಕೆ ಬರುವಾಕೆ ಎಲ್ಲ ಅಲ್ಲಿ. ನೋಡುವವರಿಗೊಂದು ಅಡುಗೆಮನೆ, ಮಾಡುವವರಿಗೊಂದು ಮೂಲೆ. ಒಬ್ಬರಿಗಷ್ಟೇ ಜಾಗವಿದ್ದ ಆ ಕೋಣೆ ಇಲ್ಲಿ ಇನ್ನೂ ಕಿರಿದಾಗಿ ಮರಳಿ ಬಂದಂತಿದೆ.

ಇದಕ್ಕಿಂತ ಗಂಭೀರವಾದುದು ಹೊಳೆಯುವ ಕಲ್ಲಿನ ಕಥೆ. ಬೆಣಚುಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿದ ಕೃತಕ ಚಪ್ಪಡಿಗಳು ಈ ಶತಮಾನದಲ್ಲಿ ಜಗತ್ತಿನಾದ್ಯಂತ ಅಡುಗೆಕಟ್ಟೆಯ ಫ್ಯಾಷನ್ನಾದವು. ಮನೆಯಲ್ಲಿ ಕೂತ ಮೇಲೆ ಅವು ನಿರಪಾಯ. ಆದರೆ ಅವುಗಳಲ್ಲಿ ಕೆಲವದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸಿಲಿಕಾ. ಕೊಯ್ಯುವಾಗ, ಉಜ್ಜುವಾಗ ಏಳುವ ದೂಳು ಕೆಲಸಗಾರರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಯುವಕರಾದ ಕಲ್ಲುಕೆಲಸಗಾರರೇ ಹಾಸಿಗೆ ಹಿಡಿಯತೊಡಗಿದಾಗ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲಿನ ತಯಾರಿಕೆ, ಪೂರೈಕೆ, ಬಳಕೆಗಳನ್ನು ನಿಷೇಧಿಸಿತು. ಇಂಥ ಕ್ರಮ ಕೈಗೊಂಡ ಮೊದಲ ದೇಶ ಅದು. ಒಂದು ಫ್ಯಾಷನ್ ಇಷ್ಟು ಕೆಟ್ಟದಾಗಿ ಹಳತಾದ ಉದಾಹರಣೆ ಅಡುಗೆಮನೆಯ ಚರಿತ್ರೆಯಲ್ಲಿ ವಿರಳ. ಇಲ್ಲಿ ಲೆಕ್ಕಕ್ಕೆ ಬಾರದೆ ಹೋದವರು ಮನೆಯ ಒಳಗಿನವರಲ್ಲ, ಹೊರಗೆ ಕಲ್ಲು ಕೊಯ್ದವರು.

ಹಾಗಾದರೆ ಹೊಸ ಅಡುಗೆಮನೆ ಮಾಡಿಸುವವರು ಏನು ನೋಡಬೇಕು? ಬಣ್ಣ ಯಾವುದಾದರೂ ಇರಲಿ. ಅದು ಇನ್ನು ಹತ್ತು ವರ್ಷಕ್ಕೆ ಬೇಸರ ಬರುವುದು ಖಂಡಿತ, ಬಂದರೆ ನಷ್ಟವೂ ಇಲ್ಲ. ಕಟ್ಟೆಯ ಎತ್ತರ ಯಾರಿಗೆ ಹೊಂದುತ್ತದೆ, ಇಬ್ಬರು ನಿಲ್ಲಲು ಜಾಗವಿದೆಯೇ, ಸುಸ್ತಾದರೆ ಕೂರಬಹುದೇ, ಪಾತ್ರೆ ತೊಳೆಯುವವರಿಗೆ ಗಾಳಿ ಬೆಳಕು ಇದೆಯೇ, ಆ ಕಲ್ಲನ್ನು ಕೊಯ್ದವರು ಹೇಗಿದ್ದಾರೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಅದರ ಆಯುಷ್ಯವನ್ನು ಹೇಳುತ್ತದೆ.

ಲಿಹೋಟ್ಸ್ಕಿಯ ಸಹಕಾರದಿಂದಲೇ ಸಿದ್ಧವಾದ ಆ ಅಡುಗೆಮನೆಯ ಪ್ರತಿರೂಪವೊಂದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ತೊಳೆದ ತಟ್ಟೆ ಬಸಿಯುವ ಹಲಗೆ, ಬೆಳಕಿನಡಿಯ ಮೇಜು, ಗೋಡೆಗಂಟಿದ ಕಪಾಟುಗಳನ್ನು ಅಲ್ಲಿ ನೋಡುವವರಿಗೆ ಅವು ತಮ್ಮ ಮನೆಯಲ್ಲೂ ಇವೆ ಎಂಬುದು ಥಟ್ಟನೆ ಹೊಳೆಯುತ್ತದೆ. ಕೆಲಸವನ್ನು ಹಗುರ ಮಾಡಿದ್ದೆಲ್ಲ ಮನೆಮನೆಗೆ ಹೋಯಿತು. ಮ್ಯೂಸಿಯಮ್ಮಿನಲ್ಲಿ ಉಳಿದದ್ದು ನೀಲಿ ಬಣ್ಣ, ಮತ್ತು ಇಬ್ಬರು ನಿಲ್ಲಲಾಗದ ಆ ಇಕ್ಕಟ್ಟು.